ನೀರಿನೊಳಗೆ ಉಸಿರು ಬಿಡುವ ವಿದ್ಯೆ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಸ್ಥೆಯ ಸಮಾರಂಭದಲ್ಲಿ ಪರೀಕ್ಷೆ, ಅಂಕ, ವಿದ್ಯಾರ್ಥಿವೇತನಗಳ ಬಗ್ಗೆ ಮಾತನಾಡುವುದು ರೂಢಿ. ಅವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಕುಳಿತಿದ್ದಾರೆ. ನಾನು ಈಜಿನ ಬಗ್ಗೆ ಮಾತನಾಡುತ್ತೇನೆ. ಈಜಿನಲ್ಲೂ ಒಂದೇ ಒಂದು ಸಂಗತಿಯ ಬಗ್ಗೆ: ನೀರಿನಲ್ಲಿ ಉಸಿರಾಡುವುದು ಹೇಗೆ? ಕೇಳಲು ಸಣ್ಣ ವಿಷಯ. ಆದರೆ ಈಜು ಕಲಿಯಲು ಹೊರಟು ಅರ್ಧಕ್ಕೇ ಬಿಟ್ಟವರನ್ನು ಕೇಳಿ ನೋಡಿ. ಕೈ ಬೀಸಲು ಬರಲಿಲ್ಲ, ಕಾಲು ಬಡಿಯಲು ಬರಲಿಲ್ಲ ಎಂದು ಹೇಳುವವರು ಕಡಿಮೆ. "ಉಸಿರು ಕಟ್ಟುತ್ತದೆ ಸಾರ್, ನೀರು ಕುಡಿದುಬಿಡುತ್ತೇನೆ" ಎನ್ನುವವರೇ ಹೆಚ್ಚು.

ನಮ್ಮದು ಬರದ ನಾಡು ಎಂಬ ಮಾತಿದೆ. ಬಿಸಿಲಿದೆ, ನಿಜ. ಆದರೆ ನೀರೂ ಇದೆ. ಸುರಪುರ, ಶಹಾಪುರದ ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ. ಯಾದಗಿರಿಯ ಪಕ್ಕದಲ್ಲೇ ಭೀಮೆ. ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ, ಅಲ್ಲಿಂದ ಹೊರಟ ಎಡದಂಡೆ ಕಾಲುವೆ ನಮ್ಮ ಹೊಲಗಳ ನಡುವೆಯೇ ಸಾಗುತ್ತದೆ. ಊರೂರಿಗೆ ಹಳೆಯ ಬಾವಿಗಳಿವೆ. ಹಲವು ಹೊಲಗಳಲ್ಲಿ ಕೃಷಿ ಹೊಂಡಗಳೂ ಆಗಿವೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ತಲೆಯ ಮೇಲೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಹುಡುಗರು ನೀರಿಗೆ ಹೋಗದೆ ಎಲ್ಲಿಗೆ ಹೋಗುತ್ತಾರೆ? ಹೋದವರಲ್ಲಿ ಮರಳಿ ಬಾರದವರ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ಓದುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ನಮ್ಮ ಹುಡುಗರಿಗೆ ಈಸು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಾವಿಯಲ್ಲಿ ಈಸು ಕಲಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಸೊಂಟಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರು, ಅದಿಲ್ಲದಿದ್ದರೆ ಬೆಂಡು. ಈಚೆಗೆ ಖಾಲಿ ಪ್ಲಾಸ್ಟಿಕ್ ಡಬ್ಬಿ, ಗಾಡಿಯ ಟ್ಯೂಬು ಬಂದಿವೆ. ಮಾಮನೋ ಅಣ್ಣನೋ ಮೇಲೆ ಹಗ್ಗ ಹಿಡಿದು ನಿಲ್ಲುತ್ತಾನೆ. ಹುಡುಗ ನೀರಿಗೆ ಬಿದ್ದ ಕೂಡಲೇ ಮೇಲಿನಿಂದ ಒಂದೇ ಕೂಗು: "ತಲಿ ಮ್ಯಾಲ ಎತ್ತೋ! ಬಾಯಿ ಮುಚ್ಚೋ, ನೀರು ಕುಡೀತಿ!" ಪಾಠವೆಂದರೆ ಇಷ್ಟೇ. ನಾನೂ ಹಾಗೆಯೇ ಕಲಿತವನು. ಆ ಪಾಠದಿಂದ ಧೈರ್ಯ ಬಂತು, ತೇಲಲು ಬಂತು. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬಾತ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿಗೆ ಈಜಿ ದಾಟಿದ. ಅವನದು ಕಪ್ಪೆಯ ಹಾಗೆ ಕೈಕಾಲು ಅಗಲಿಸಿ ಈಜುವ ನಿಧಾನ ಶೈಲಿ. 21 ಗಂಟೆ 45 ನಿಮಿಷ ಹಿಡಿಯಿತು, ಆದರೂ ದಾಟಿದ.

ಆದರೆ ಬಾವಿಯ ಈಸುಗಾರನನ್ನು ಉದ್ದನೆಯ ಕೊಳದಲ್ಲಿ ಬಿಟ್ಟು, ಕೈಗಳನ್ನು ಒಂದಾದ ಮೇಲೊಂದು ಬೀಸಿ ಈಜುವ ಫ್ರೀಸ್ಟೈಲ್ ಮಾಡು ಎಂದರೆ ಇಪ್ಪತ್ತೈದು ಮೀಟರ್ ಹೋಗುವಷ್ಟರಲ್ಲಿ ಏದುಸಿರು ಬರುತ್ತದೆ. ಗಟ್ಟಿಮುಟ್ಟಾದ ಹುಡುಗ, ಮೈಲುಗಟ್ಟಲೆ ಓಡುವವನು, ಹೊಲದಲ್ಲಿ ದಿನವಿಡೀ ದುಡಿಯುವವನು ದಂಡೆ ಹಿಡಿದು ತೇಕುತ್ತಾನೆ. ಅವನ ಪಕ್ಕದಲ್ಲಿ ಹತ್ತು ವರ್ಷದ ಸಣಕಲು ಹುಡುಗಿ ನೀರಿಗೆ ಮುಖವಿಟ್ಟು ಆರಾಮಾಗಿ ಅತ್ತಿಂದಿತ್ತ ಹೋಗಿ ಬರುತ್ತಾಳೆ. ಶಕ್ತಿಯ ಪ್ರಶ್ನೆಯೇ ಆಗಿದ್ದರೆ ಇದು ಹೇಗೆ ಸಾಧ್ಯ?

ಮೊದಲು ತಲೆಯ ವಿಷಯ ನೋಡೋಣ. ಮನುಷ್ಯನ ತಲೆ ನಾಲ್ಕೈದು ಕಿಲೋ ತೂಗುತ್ತದೆ. ನೀರಿನಲ್ಲಿ ಮಲಗಿದ ದೇಹ ತಕ್ಕಡಿಯ ಕೋಲಿನಂತೆ. ಗಾಳಿ ತುಂಬಿದ ಎದೆಯೇ ಅದರ ನಡು. ಒಂದು ಕಡೆ ತಲೆ ಮೇಲೆದ್ದರೆ ಇನ್ನೊಂದು ಕಡೆ ಕಾಲು ಕೆಳಗೆ ಇಳಿಯುತ್ತದೆ. ಕಾಲು ಇಳಿದ ಮೇಲೆ ನೀವು ನೀರನ್ನು ಸೀಳುವುದಿಲ್ಲ, ಅದನ್ನು ಎದೆಯಿಂದ ನೂಕಿಕೊಂಡು ಹೋಗುತ್ತೀರಿ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದದ್ದು. ಅದನ್ನು ನೂಕುವುದೆಂದರೆ ಸುಸ್ತಾಗದೆ ಇರುತ್ತದೆಯೇ? ಆದ್ದರಿಂದ ಫ್ರೀಸ್ಟೈಲ್ ಕಲಿಯುವವನು ಮುಖವನ್ನು ನೀರಿಗೆ ಇಡಲೇಬೇಕು. ಇಟ್ಟ ಕೂಡಲೇ ಏಳುವ ಪ್ರಶ್ನೆ: ಉಸಿರು?

ಹೊಸಬರೆಲ್ಲರೂ ಇಲ್ಲಿ ಒಂದೇ ಕೆಲಸ ಮಾಡುತ್ತಾರೆ. ಎದೆ ತುಂಬ ಗಾಳಿ ಎಳೆದು, ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ ಮುಖ ಮುಳುಗಿಸುತ್ತಾರೆ. ತಾಳಲಾರದಾದಾಗ ತಲೆ ಎತ್ತುತ್ತಾರೆ. ಆ ಅರ್ಧ ಕ್ಷಣದಲ್ಲಿ ಹಳೆಯ ಗಾಳಿಯನ್ನು ಬಿಡಬೇಕು, ಹೊಸದನ್ನು ಎಳೆಯಬೇಕು. ಎರಡೂ ಆಗುವುದಿಲ್ಲ. ಹಳೆಯದು ಪೂರ್ತಿ ಹೋಗಿರುವುದಿಲ್ಲವಾದ್ದರಿಂದ ಹೊಸದಕ್ಕೆ ಜಾಗವಿಲ್ಲ. ಮೂರು ಸಲ ಹೀಗಾದರೆ ನಾಲ್ಕನೆಯ ಸಲ ಗಾಬರಿ.

ಇದರ ಹಿಂದಿನ ವಿಜ್ಞಾನವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ನಾವು ಒಳಗೆ ಎಳೆಯುವ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇರುತ್ತದೆ. ಹೊರಬಿಡುವ ಗಾಳಿಯಲ್ಲೂ ಇನ್ನೂ ಸುಮಾರು ಶೇಕಡಾ 16ರಷ್ಟು ಉಳಿದಿರುತ್ತದೆ. ಅಂದರೆ ಉಸಿರು ಬಿಗಿಹಿಡಿದ ಹತ್ತು ಹದಿನೈದು ಸೆಕೆಂಡಿನಲ್ಲಿ ಆಮ್ಲಜನಕ ಮುಗಿದುಹೋಗುವುದಿಲ್ಲ. ಹಾಗಾದರೆ ಎದೆ ಬಿಗಿಯುವುದೇಕೆ? ಅದು ಇಂಗಾಲದ ಡೈಆಕ್ಸೈಡಿನ ಕೆಲಸ. ಎಳೆದ ಗಾಳಿಯಲ್ಲಿ ಅದು ಶೇಕಡಾ 0.04ರಷ್ಟು ಮಾತ್ರ, ಬಿಡುವ ಗಾಳಿಯಲ್ಲಿ ಸುಮಾರು ಶೇಕಡಾ 4. ಉಸಿರು ಹಿಡಿದಾಗ ಅದು ರಕ್ತದಲ್ಲಿ ಏರುತ್ತದೆ. ಏರಿದ್ದನ್ನು ಗುರುತಿಸಿ ಮೆದುಳು "ಉಸಿರಾಡು, ಉಸಿರಾಡು" ಎಂದು ಗಂಟೆ ಬಾರಿಸುತ್ತದೆ. ಹೊಸಬನಿಗೆ ಅದು ಗಾಳಿ ಸಾಲದೆಂಬ ಕೂಗಿನಂತೆ ಕೇಳಿಸುತ್ತದೆ. ನಿಜವಾಗಿ ಅದು ಒಳಗಿರುವುದನ್ನು ಹೊರಹಾಕು ಎಂಬ ಕೂಗು. ಹೀಗಾಗಿ ಫ್ರೀಸ್ಟೈಲಿನಲ್ಲಿ ಮೊದಲು ಕಲಿಯಬೇಕಾದದ್ದು ಉಸಿರು ಎಳೆಯುವುದನ್ನಲ್ಲ, ನೀರಿನೊಳಗೆ ಬಿಡುವುದನ್ನು.

ತಾಯಂದಿರಿಗೆ ಇದು ಹೊಸದೇನಲ್ಲ. ಕಟ್ಟಿಗೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತವರನ್ನು ನೆನಪಿಸಿಕೊಳ್ಳಿ. ಕೊಳವೆಗೆ ಬಾಯಿಟ್ಟು ಒಂದೇ ಸಮನೆ ಊದುತ್ತಾರೆ. ಉಸಿರು ಮುಗಿದಾಗ ಏನು ಮಾಡುತ್ತಾರೆ? ಅಲ್ಲೇ ಎಳೆದರೆ ಹೊಗೆ, ಬೂದಿ ಗಂಟಲಿಗೆ ಬರುತ್ತದೆ. ಅದಕ್ಕೇ ಮುಖವನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಂದ ಗಬಕ್ಕನೆ ಗಾಳಿ ಎಳೆದು, ಮತ್ತೆ ಕೊಳವೆಗೆ ಬಾಯಿಡುತ್ತಾರೆ. ಊದುವುದು ದೀರ್ಘ, ಎಳೆಯುವುದು ಚುಟುಕು. ಎದ್ದು ನಿಲ್ಲುವುದಿಲ್ಲ, ತಲೆ ಮೇಲೆತ್ತುವುದಿಲ್ಲ, ಬರೀ ಪಕ್ಕಕ್ಕೆ ಹೊರಳಿಸುತ್ತಾರೆ. ಒಲೆಯ ಜಾಗದಲ್ಲಿ ನೀರನ್ನು ಇಟ್ಟುಕೊಳ್ಳಿ, ಫ್ರೀಸ್ಟೈಲಿನ ಉಸಿರಾಟ ಅದೇ. ಈಜುಕೊಳದ ತರಬೇತುದಾರ ಹತ್ತು ದಿನ ಹೇಳಿದರೂ ತಲೆಗೆ ಹೋಗದವರಿಗೆ ಈ ಉದಾಹರಣೆ ಹೇಳಿದ್ದೇನೆ. ಗ್ಯಾಸ್ ಒಲೆಯ ಕಾಲದ ಮಕ್ಕಳಿಗೆ ಅಜ್ಜಿಯನ್ನು ಕೇಳಿ ಬಾ ಎನ್ನಬೇಕಾಗುತ್ತದೆ, ಅಷ್ಟೇ.

ಅಭ್ಯಾಸ ಎಲ್ಲಿಂದ ಆರಂಭಿಸಬೇಕು? ಮನೆಯಲ್ಲೇ. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಅದರ ಮುಂದೆ ಕುಳಿತು, ಬಾಯಿಂದ ಗಾಳಿ ಎಳೆದುಕೊಂಡು ಮುಖ ಮುಳುಗಿಸಿ. ಮುಳುಗಿಸಿದ ಕೂಡಲೇ "ಮ್‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌" ಎಂದು ಗುನುಗಿ. ಗುನುಗಿದರೆ ಮೂಗಿನಿಂದ ಗಾಳಿ ಹೊರಗೆ ಬರುತ್ತಲೇ ಇರುತ್ತದೆ. ಗಾಳಿ ಹೊರಬರುವ ದಾರಿಯಲ್ಲಿ ನೀರು ಒಳಹೋಗುವುದಿಲ್ಲ. ಮೂಗಿಗೆ ನೀರು ಹತ್ತಿ ನೆತ್ತಿ ಉರಿಯುವ ಭಯ ಇಲ್ಲಿಗೇ ಅರ್ಧ ಹೋಯಿತು. ಗುನುಗುತ್ತ ಗುನುಗುತ್ತ ಗಾಳಿ ಮುಗಿಯುವ ಹೊತ್ತಿಗೆ ಬಾಯಿಯಿಂದ "ಪುಫ್" ಎಂದು ಉಳಿದದ್ದನ್ನು ಊದಿ, ಮುಖ ಪಕ್ಕಕ್ಕೆ ಹೊರಳಿಸಿ ಬಾಯಿಯಿಂದ ಎಳೆಯಿರಿ. ದಿನಕ್ಕೆ ಇಪ್ಪತ್ತು ಸಲ, ಒಂದು ವಾರ. ಚಿಕ್ಕ ಮಕ್ಕಳನ್ನು ನೀರು ತುಂಬಿದ ಬೋಗುಣಿ, ಬಕೆಟ್ಟಿನ ಬಳಿ ಒಬ್ಬರನ್ನೇ ಬಿಡಬೇಡಿ. ಒಂದು ಗೇಣು ನೀರು ಕೂಡ ಕೂಸಿನ ಜೀವ ತೆಗೆಯುತ್ತದೆ.

ನಂತರ ಸೊಂಟದ ಮಟ್ಟದ ನೀರು. ದಂಡೆ ಹಿಡಿದು, ಮುಳುಗಿ, ಗುಳ್ಳೆ ಬಿಡುತ್ತ ಎದ್ದು, ಬಾಯಿ ತೆರೆದು ಎಳೆದು, ಮತ್ತೆ ಮುಳುಗುವುದು. ಎದ್ದಾಗ ಮುಖ ಒರೆಸಿಕೊಳ್ಳಬಾರದು. ನಗಬೇಡಿ, ಇದು ದೊಡ್ಡ ಪಾಠ. ಕಣ್ಣೊರೆಸಿಕೊಳ್ಳಲು ಕೈ ಮುಖಕ್ಕೆ ಹೋಗುವವರೆಗೆ ನೀರಿನ ಸಂಕೋಚ ಹೋಗಿಲ್ಲವೆಂದೇ ಅರ್ಥ. ಒಂದೇ ಲಯದಲ್ಲಿ ಇಪ್ಪತ್ತು ಸಲ ಮುಳುಗಿ ಎದ್ದರೂ ತೇಕು ಬರಲಿಲ್ಲವೆಂದರೆ ಮುಂದಿನ ಪಾಠಕ್ಕೆ ಹೋಗಬಹುದು. ನನ್ನ ಅನುಭವದಲ್ಲಿ ಇದಕ್ಕೆ ಕೆಲವರಿಗೆ ಎರಡು ದಿನ ಸಾಕು, ಕೆಲವರಿಗೆ ಎರಡು ವಾರ ಬೇಕು. ಅವಸರ ಮಾಡಿದವರೇ ತಡವಾಗಿ ಕಲಿಯುತ್ತಾರೆ.

ಆಮೇಲೆ ಕೈ ಕಾಲು ಕೂಡುತ್ತವೆ. ಬಲಗಡೆಗೆ ಉಸಿರಾಡುವವನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಡಗೈ ಮುಂದೆ ಚಾಚಿರುತ್ತದೆ. ಬಲಗೈ ನೀರನ್ನು ತೊಡೆಯ ಕಡೆಗೆ ತಳ್ಳಿ ಹೊರಬರುತ್ತಿರುತ್ತದೆ. ಆಗ ಭುಜ, ಸೊಂಟ ಸಹಜವಾಗಿಯೇ ಬಲಕ್ಕೆ ಹೊರಳುತ್ತವೆ. ಆ ಹೊರಳುವಿಕೆಯ ಜೊತೆಗೇ ಮುಖ ಹೋಗಬೇಕು. ಕುತ್ತಿಗೆ ಬೇರೆ, ಮೈ ಬೇರೆ ತಿರುಗಬಾರದು. ಎಡಕಿವಿ ನೀರಿನಲ್ಲೇ ಇರುತ್ತದೆ, ಒಂದು ಕಣ್ಣು ನೀರಿನೊಳಗೆ, ಒಂದು ಮೇಲೆ. ಬಾಯಿ ನೀರಿನ ಅಂಚಿನಲ್ಲೇ ಇದ್ದರೂ ನೀರು ಒಳಬರುವುದಿಲ್ಲ. ಯಾಕೆಂದರೆ ತಲೆ ನೀರನ್ನು ಸೀಳಿಕೊಂಡು ಹೋಗುವಾಗ ಕೆನ್ನೆಯ ಪಕ್ಕದಲ್ಲಿ ನೀರು ತಗ್ಗಾಗಿ ಚಿಕ್ಕದೊಂದು ಗುಳಿ ಬೀಳುತ್ತದೆ. ಅನುಭವಿ ಈಜುಗಾರ ಆ ಗುಳಿಯಲ್ಲೇ ಉಸಿರೆಳೆಯುತ್ತಾನೆ. ಹೊಸಬನಿಗೆ ಅದರ ಮೇಲೆ ನಂಬಿಕೆ ಬರುವುದಿಲ್ಲ. ಅವನು ಬಾಯಿಯನ್ನು ಇನ್ನೂ ಮೇಲೆತ್ತುತ್ತಾನೆ, ಕಾಲು ಇಳಿಯುತ್ತದೆ, ಮೈ ನಿಲ್ಲುತ್ತದೆ, ಗುಳಿ ಮುಚ್ಚಿಹೋಗುತ್ತದೆ, ನೀರು ಬಾಯಿಗೇ ಬರುತ್ತದೆ. ಮೇಲೆತ್ತಿದ್ದಕ್ಕೇ ನೀರು ಕುಡಿದ! ಬಲಗೈ ಗಾಳಿಯಲ್ಲಿ ಸುತ್ತಿ ಮುಂದಕ್ಕೆ ಬಂದು ನೀರಿಗಿಳಿಯುವ ಮೊದಲೇ ಮುಖ ನೀರಿಗೆ ಮರಳಿ, ಗುನುಗುವುದು ಶುರುವಾಗಿರಬೇಕು.

ಮೊದಮೊದಲು ಎರಡು ಕೈಗೆ ಒಂದು ಉಸಿರು, ಒಂದೇ ಕಡೆಗೆ. ಅದು ಕೈಹಿಡಿದ ಮೇಲೆ ಮೂರು ಕೈಗೆ ಒಂದರಂತೆ, ಒಮ್ಮೆ ಬಲ, ಒಮ್ಮೆ ಎಡ. ಮೂರು ಕೈಯ ಲೆಕ್ಕವನ್ನು ಮೊದಲ ದಿನವೇ ಹೊಸಬರ ಮೇಲೆ ಹೇರುವ ತರಬೇತುದಾರರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಗಾಳಿಗಾಗಿ ಹಂಬಲಿಸುತ್ತಿರುವವನಿಗೆ ಲೆಕ್ಕ ಬೇಡ. ಬೇಕೆನಿಸಿದಾಗ ಉಸಿರಾಡಲಿ, ಬಿಡುವುದನ್ನು ಮಾತ್ರ ಮರೆಯದಿರಲಿ.

ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಅವಳಿಗೆ 14 ವರ್ಷ. ಚಿಕ್ಕವಳಿದ್ದಾಗ ನೀರಿಗೆ ತಲೆಯಿಡಲೂ ಹೆದರುತ್ತಿದ್ದೆನೆಂದು ಅವಳೇ ಹೇಳಿಕೊಂಡಿದ್ದಾಳೆ. ಇದೇ 200 ಮೀಟರ್ ಫ್ರೀಸ್ಟೈಲನ್ನು 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಈಜಿದವರು ಮಹಿಳೆಯರಲ್ಲಿ ಕರ್ನಾಟಕದ ನಿಶಾ ಮಿಲೆಟ್, ಪುರುಷರಲ್ಲಿ ಹಕೀಮುದ್ದೀನ್ ಹಬೀಬುಲ್ಲಾ. ನಿಶಾ ಕೂಡ ಬಾಲ್ಯದಲ್ಲಿ ಮುಳುಗುವ ಅಪಾಯದಿಂದ ಪಾರಾದ ಮೇಲೆ ಈಜು ಕಲಿತವರು. ನೀರಿನ ಭಯ ಇರುವ ಮಕ್ಕಳಿಗೆ ಈ ಹೆಸರುಗಳನ್ನು ಹೇಳಿ.

ಈಗ ಬಾವಿಯ ಹುಡುಗರಿಗೆ ಒಂದು ಕಠಿಣ ಮಾತು. "ಯಾರು ಹೆಚ್ಚು ಹೊತ್ತು ಒಳಗೆ ಇರ್ತಾರ ನೋಡೋಣ" ಎಂಬ ಪಂಥವನ್ನು ನಾವೆಲ್ಲ ನೋಡಿದ್ದೇವೆ. ಮೇಲಿದ್ದವರು ಒಂದು, ಎರಡು ಎಂದು ಎಣಿಸುತ್ತಾರೆ. ಗೆಲ್ಲಬೇಕೆಂದವನು ಮುಳುಗುವ ಮೊದಲು ಹತ್ತಾರು ಸಲ ಜೋರು ಜೋರಾಗಿ ಉಸಿರಾಡಿ ಎದೆ ತುಂಬಿಕೊಳ್ಳುತ್ತಾನೆ. ಅವನು ಆಮ್ಲಜನಕ ತುಂಬಿಕೊಂಡೆನೆಂದು ತಿಳಿದಿದ್ದಾನೆ. ಹೆಚ್ಚೇನೂ ತುಂಬಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗಿದೆ. ಆಗಲೇ ಹೇಳಿದ ಗಂಟೆಯನ್ನು ಬಾರಿಸುವುದು ಆ ಅನಿಲವೇ. ಅದಿಲ್ಲದೆ ಗಂಟೆ ಬಾರಿಸುವುದು ತಡವಾಗುತ್ತದೆ. ಒಳಗೆ ಆಮ್ಲಜನಕ ಇಳಿಯುತ್ತಲೇ ಹೋಗಿ, ಉಸಿರಾಡಬೇಕು ಎನಿಸುವ ಮೊದಲೇ ಎಚ್ಚರ ತಪ್ಪುತ್ತದೆ. ಚಡಪಡಿಕೆಯಿಲ್ಲ, ಕೈ ಬಡಿಯುವುದಿಲ್ಲ, ಕೂಗಿಲ್ಲ. ಮೇಲಿದ್ದ ಗೆಳೆಯರು ಇನ್ನೂ ಎಣಿಸುತ್ತಲೇ ಇರುತ್ತಾರೆ. ಇದರಲ್ಲಿ ಸಾಯುವವನು ಈಸು ಬಾರದವನಲ್ಲ, ಗುಂಪಿನಲ್ಲೇ ಚೆನ್ನಾಗಿ ಈಸುವವನು. ಈ ಪಂಥವನ್ನು ಇಂದಿನಿಂದ ಬಿಟ್ಟುಬಿಡಿ. ತಮ್ಮಂದಿರು ಆಡುತ್ತಿದ್ದರೆ ಕಂಡಲ್ಲೇ ತಡೆಯಿರಿ.

ಕಾಲುವೆಯಲ್ಲಿ, ಕೃಷಿ ಹೊಂಡದಲ್ಲಿ ಕಲಿಯಲು ಹೋಗಬೇಡಿ. ಕಾಲುವೆಯ ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ನೀರಿಗೆ ಸೆಳೆತವಿರುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಈಸು ಬಲ್ಲವನಿಗೂ ಕಾಲೂರಿ ಹತ್ತಿಬರಲು ಆಗುವುದಿಲ್ಲ. ಮೆಟ್ಟಿಲಿದ್ದು, ಕಾಲು ನೆಲಕ್ಕೆ ತಾಗುವ, ಕಣ್ಣಿಗೆ ತಳ ಕಾಣುವ ನೀರೇ ಆಗಬೇಕು. ಪಕ್ಕದಲ್ಲಿ ಈಜು ಬಲ್ಲ ದೊಡ್ಡವರು ಇರಲೇಬೇಕು.

ಹೆಣ್ಣುಮಕ್ಕಳ ವಿಷಯ ಹೇಳದೆ ಹೋದರೆ ಈ ಮಾತು ಅರ್ಧವಾಗುತ್ತದೆ. ನಮ್ಮ ಹುಡುಗಿಯರು ಬಾವಿಯ ಮೆಟ್ಟಿಲ ಮೇಲೆ ನಿಂತು ಅಣ್ಣತಮ್ಮಂದಿರ ಬಟ್ಟೆ ಕಾಯುತ್ತಾರೆ. ಆದರೆ ಹೊಳೆಗೆ ಬಟ್ಟೆ ಒಗೆಯಲು ಹೋಗುವವರು ಯಾರು? ಕಾಲುವೆಗೆ ಕೊಡ ಮುಳುಗಿಸಲು ಬಗ್ಗುವವರು ಯಾರು? ಜಾರಿ ಬೀಳುವ ಸಂಭವ ಅವರಿಗೇ ಹೆಚ್ಚು, ಕಲಿಸಿದ್ದು ಅವರಿಗೆ ಏನೂ ಇಲ್ಲ. ಈಜುಕೊಳ ಇರುವ ಊರಿನಲ್ಲಿ ಹೆಣ್ಣುಮಕ್ಕಳಿಗೇ ಬೇರೆ ವೇಳೆ, ಮಹಿಳಾ ತರಬೇತುದಾರರು ಬೇಕೆಂದು ಹತ್ತು ಕುಟುಂಬಗಳು ಒಟ್ಟಾಗಿ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಮೈತುಂಬ ಮುಚ್ಚುವ ಈಜುಡುಗೆಗಳು ಈಗ ಸಿಗುತ್ತವೆ. ಹತ್ತಿಯ ಸಲ್ವಾರ್, ದುಪಟ್ಟಾ ಮಾತ್ರ ಬೇಡ, ನೆನೆದರೆ ಭಾರವಾಗಿ ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ಅಷ್ಟೂ ಆಗುವವರೆಗೆ ಬೋಗುಣಿಯ ಪಾಠವನ್ನಾದರೂ ಮನೆಯಲ್ಲೇ ಕಲಿಸಿ. ಅಕಸ್ಮಾತ್ ನೀರಿಗೆ ಬಿದ್ದ ಹುಡುಗಿಗೆ ಮುಖ ಮುಳುಗಿದಾಗ ಉಸಿರು ಬಿಡಬೇಕು, ಮೇಲೆ ಬಂದಾಗ ಬೆನ್ನ ಮೇಲೆ ಹೊರಳಿ ತೇಲುತ್ತ ಎಳೆಯಬೇಕು ಎಂಬುದು ಗೊತ್ತಿದ್ದರೆ, ಹಗ್ಗ ಬರುವವರೆಗಿನ ಆ ಒಂದೆರಡು ನಿಮಿಷ ಸಿಗುತ್ತದೆ.

ಹಗ್ಗ ಎಂದೆ. ಮುಳುಗುತ್ತಿರುವವನನ್ನು ಕಂಡು ಧುಮುಕಬೇಡಿ. ಅವನು ನಿಮ್ಮ ಕುತ್ತಿಗೆಗೇ ಜೋತುಬೀಳುತ್ತಾನೆ. ಹಗ್ಗ, ಸೀರೆ, ಬಿದಿರುಗಳು, ಖಾಲಿ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಚಾಚಿರಿ. ಹೊರತೆಗೆದ ಮೇಲೆ ಉಸಿರಾಟ ನಿಂತಿದ್ದರೆ ಹೊಟ್ಟೆ ಅಮುಕುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸುದ್ದಿ ಶುದ್ಧ ಸುಳ್ಳು, ಅದನ್ನು ನಂಬಿ ಕಳೆದ ಪ್ರತಿ ನಿಮಿಷವೂ ನಷ್ಟ. ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು ಕೊಟ್ಟು, ಇದನ್ನೇ ಮುಂದುವರಿಸಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಈ ಕ್ರಮವನ್ನು ಯಾರಾದರೂ ವೈದ್ಯರು ಅಥವಾ ನರ್ಸ್ ಶಾಲೆಗೆ ಬಂದು ಗೊಂಬೆಯ ಮೇಲೆ ಮಾಡಿ ತೋರಿಸಿದರೆ ಒಳ್ಳೆಯದು, ಮಾತಿನಲ್ಲಿ ಕಲಿಯುವ ವಿದ್ಯೆ ಅಲ್ಲ ಅದು.

ಭಾಷಣ ಮುಗಿದ ಮೇಲೆ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ, ಓದುವವರಿಗೆ ಉಪಯೋಗವಾದೀತು. "ಯಾವ ವಯಸ್ಸಿಗೆ ಕಲಿಸಬೇಕ್ರಿ? ನಮ್ಮಂಥವರಿಗೆ ಈಗ ಬರ್ತದೇನ್ರಿ?" ಶಾಲೆಗೆ ಹೋಗುವ, ಆರು ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆಯನ್ನು ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ವಯಸ್ಸಿನ ಮಿತಿಯಿಲ್ಲ. ನಾನು ಬಾವಿಯಲ್ಲಿ ಈಸು ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ, ನೀರಿನೊಳಗೆ ಉಸಿರು ಬಿಡಲು ಕಲಿತದ್ದು ನಲವತ್ಮೂರರಲ್ಲಿ. ಕಲಿಸಿದವನು ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. "ಸರ್, ಗುಳ್ಳೆ ಕಾಣ್ತಿಲ್ಲ" ಎಂದು ದಂಡೆಯ ಮೇಲಿಂದ ಕೂಗುತ್ತಿದ್ದ. ಹನ್ನೊಂದನೆಯ ದಿನ ಕೂಗುವುದನ್ನು ನಿಲ್ಲಿಸಿದ. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಇವತ್ತು ಸಂಜೆ ಬೋಗುಣಿಯಲ್ಲಿ ನೀರು ತುಂಬಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ನೀವು ಮುಖವಿಡಿ ಅಮ್ಮಾ.